ಹದಿನಾಲ್ಕು ದಿನ ಎಣಿಸಬೇಕಾದ್ದು ಹಿಂದಿನಿಂದ

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ನಾಲ್ಕು ವರ್ಷ, ಇನ್ನೊಂದು ಮಗು ಸದ್ಯಕ್ಕೆ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಯಜಮಾನರಿಗೆ ಬೆಂಗಳೂರಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಬರುತ್ತಾರೆ. ನನಗೆ ಮುಟ್ಟು ಒಮ್ಮೆ 27 ದಿನಕ್ಕೆ ಆದರೆ ಇನ್ನೊಮ್ಮೆ 33ಕ್ಕೆ ಹೋಗುತ್ತದೆ. 14ನೇ ದಿನದ ಹಿಂದೆಮುಂದೆ ಎರಡೆರಡು ದಿನ ಬಿಟ್ಟರೆ ಸಾಕು ಅಂತ ಕೇಳಿದ್ದೆ. ಮೊಬೈಲ್ ಆಪ್‌ನಲ್ಲೂ ಬರೆದಿಡುತ್ತಿದ್ದೆ. ಗೌರಿ ಹಬ್ಬಕ್ಕೆ ಮುಟ್ಟು ಮುಂದೆ ಹಾಕುವ ಮಾತ್ರೆ ತಗೊಂಡಿದ್ದೆ. ನಿಲ್ಲಿಸಿದ ಮೇಲೆ ಸೆಪ್ಟೆಂಬರ್ 18ಕ್ಕೆ ಹೊರಗಾದೆ, 21ಕ್ಕೆ ಮಿಂದೆ. ಮೊದಲಿಂದಲೂ ನಾನು ಮಿಂದ ದಿನದಿಂದಲೇ ಲೆಕ್ಕ ಹಾಕೋದು. 29ಕ್ಕೆ, ಅಂದರೆ 9ನೇ ದಿನ, ಒಮ್ಮೆ ಸೇರಿದ್ದೆವು, ಏನೂ ಬಳಸಿರಲಿಲ್ಲ. ಆಪ್ ಹಸಿರು ತೋರಿಸುತ್ತಿತ್ತು. ಆಮೇಲೆ ಅವರಿಗೆ ರಜೆ ಸಿಕ್ಕಿಲ್ಲ, ಬಂದಿಲ್ಲ. ಇವತ್ತು ಅಕ್ಟೋಬರ್ 20, ಇನ್ನೂ ಮುಟ್ಟಾಗಿಲ್ಲ. ಆ ಮಾತ್ರೆ ತಗೊಂಡವರಿಗೆ ಒಂದು ತಿಂಗಳು ಬಸಿರು ನಿಲ್ಲೋದಿಲ್ಲ ಅಂತಾರೆ ಅತ್ತಿಗೆ. 9ನೇ ದಿನ ಸೇರಿದರೆ ಬಸಿರಾಗೋಕೆ ಸಾಧ್ಯವಾ? ಪೇಟೆಯ ಮೆಡಿಕಲ್‌ನವರೆಲ್ಲ ಗುರುತಿನವರು, ಕಿಟ್ ಕೇಳೋಕೂ ಮುಜುಗರ.

ಉತ್ತರ: ಸಾಧ್ಯ. ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಲೆಕ್ಕದ ತಕರಾರು ಆಮೇಲೆ.

ನೀವು ಸೇರಿ ಇವತ್ತಿಗೆ 21 ದಿನ ಆಯಿತು. ಮೂರು ವಾರ ಕಳೆದ ಮೇಲೆ ಮಾಡಿದ ಮೂತ್ರ ಪರೀಕ್ಷೆಯನ್ನು ನಂಬಬಹುದು. ಬಸಿರು ಕಟ್ಟಿದ್ದರೆ ಎಚ್‌ಸಿಜಿ ಅನ್ನುವ ಹಾರ್ಮೋನು ಈ ಹೊತ್ತಿಗೆ ಕಿಟ್‌ಗೆ ಸಿಗುವಷ್ಟು ಮೂತ್ರದಲ್ಲಿ ಇಳಿದಿರುತ್ತದೆ. ಮೆಡಿಕಲ್‌ಗೆ ಹೋಗಲು ಮುಜುಗರವಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ‘ನಿಶ್ಚಯ್’ ಅನ್ನುವ ಸರ್ಕಾರಿ ಕಿಟ್ ಇರುವುದೇ ಅದಕ್ಕೆ. ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಹಿಡಿದು, ಪೊಟ್ಟಣದ ಮೇಲೆ ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟು ನಿಮಿಷ ಕಾಯಿರಿ. ಎರಡನೇ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಗೆರೆಯೇ. ಕಾಫಿ ಕುಡಿದು, ಹಟ್ಟಿ ಕೆಲಸ ಮುಗಿಸಿ ಬಂದು ನೋಡಿದಾಗ ಕಂಡ ಗೆರೆ ಮಾತ್ರ ಲೆಕ್ಕಕ್ಕಿಲ್ಲ. ಕಿಟ್ ಒಣಗಿದ ಮೇಲೆ ಅಂಥ ಸುಳ್ಳು ಗೆರೆ ಮೂಡುವುದುಂಟು.

ಪಪ್ಪಾಯಿ, ಎಳ್ಳು, ಕರಿಜೀರಿಗೆ ಕಷಾಯ ಅಂತ ಯಾರಾದರೂ ಹೇಳಿದರೆ ಕೇಳಿಸಿಕೊಂಡು ಸುಮ್ಮನಿರಿ. ಅದರಿಂದ ಬಸಿರು ಹೋಗುವುದಿಲ್ಲ, ನಿಮಗೆ ಹೊಟ್ಟೆ ಕೆಡುತ್ತದೆ, ಅಷ್ಟೇ.

ಈಗ ಲೆಕ್ಕ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಮಿಂದ ದಿನದಿಂದ’ ಅನ್ನುವ ಮಾತು. ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಘಟ್ಟದ ಕಡೆಯಿಂದ ಬರುವವರಲ್ಲಿ ಎಷ್ಟೋ ಜನರ ಬಾಯಲ್ಲಿ ಇದೇ ಲೆಕ್ಕ ಕೇಳಿದ್ದೇನೆ. ‘ಮುಟ್ಟು ಯಾವತ್ತಾಯಿತು?’ ಅಂದರೆ ತಲೆಸ್ನಾನದ ತಾರೀಕು ಹೇಳುತ್ತಾರೆ. ಹೊರಗೆ ಕೂತ ಮೂರು ದಿನ ಲೆಕ್ಕದಿಂದಲೂ ಹೊರಗೆ! ವೈದ್ಯರ ಲೆಕ್ಕದಲ್ಲಿ ರಕ್ತ ಕಂಡ ದಿನವೇ ಒಂದನೇ ದಿನ. ಹಳೆಯ ಧರ್ಮಶಾಸ್ತ್ರದವರು ಹೆಣ್ಣಿನ ಋತುಕಾಲ ಹದಿನಾರು ರಾತ್ರಿ ಅಂದರಲ್ಲ, ಅವರು ಕೂಡ ಮೊದಲ ನಾಲ್ಕು ದಿನಗಳನ್ನು ಅದರೊಳಗೇ ಸೇರಿಸಿಕೊಂಡಿದ್ದರು.

ಹಾಗಾಗಿ ಸೆಪ್ಟೆಂಬರ್ 18 ಒಂದನೇ ದಿನ, 29 ಹನ್ನೆರಡನೇ ದಿನ. ನೀವು ಪಾಲಿಸುತ್ತಿದ್ದ ‘14ರ ಹಿಂದೆಮುಂದೆ ಎರಡು ದಿನ’ ಅನ್ನುವ ನಿಯಮದಲ್ಲೇ 12ನೇ ದಿನ ಬಿಡಬೇಕಾದ ದಿನ. ಇವತ್ತು ನಿಮಗೆ 30ನೇ ದಿನವಲ್ಲ, 33ನೇ ದಿನ.

ಆದರೆ ಆ ನಿಯಮವೇ ಅರ್ಧ ಸತ್ಯ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಒಂದೇ ಸಂಗತಿ ಕಂಡುಕೊಂಡರು: ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಮುಂದಿನ ಮುಟ್ಟಿಗೆ, ಕಳೆದ ಮುಟ್ಟಿನಿಂದ ಅಲ್ಲ. 28 ದಿನಕ್ಕೆ ಸರಿಯಾಗಿ ಆಗುವವರಿಗೆ ಎರಡೂ ಒಂದೇ, ಯಾವ ಕಡೆಯಿಂದ ಎಣಿಸಿದರೂ ಹದಿನಾಲ್ಕು. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಹಿಂದಿನಿಂದ’ ಅನ್ನುವ ಮಾತು ಉದುರಿಹೋಗಿ ‘ಹದಿನಾಲ್ಕು’ ಮಾತ್ರ ಉಳಿಯಿತು.

ನಿಮ್ಮ ಕಡೆ ಗದ್ದೆ ಇರುವವರಿಗೆ ಇದು ಹೊಸತಲ್ಲ. ಅಲ್ಪಾವಧಿ ತಳಿ ಇರಲಿ, ದೀರ್ಘಾವಧಿ ತಳಿ ಇರಲಿ, ಹೂವಾದ ಮೇಲೆ ಕೊಯ್ಲಿಗೆ ಹೆಚ್ಚುಕಮ್ಮಿ ಒಂದು ತಿಂಗಳು. ಒಂದು ಬೇಗ, ಇನ್ನೊಂದು ತಡ ಆಗುವುದು ಅದಕ್ಕೂ ಮೊದಲು, ಸಸಿ ತೆಂಡೆ ಒಡೆದು ಬೆಳೆಯುವ ಕಾಲದಲ್ಲಿ. ಹೆಣ್ಣಿನ ದೇಹವೂ ಹಾಗೇ. ಅಂಡಾಣು ಬಿಡುಗಡೆಯಾದ ಮೇಲಿನ ಅವಧಿ ಹೆಚ್ಚಿನವರಲ್ಲಿ 12ರಿಂದ 14 ದಿನ, ಅದು ಅಷ್ಟಾಗಿ ಅಲುಗಾಡುವುದಿಲ್ಲ. ಅಲುಗಾಡುವುದು ಮೊದಲ ಅರ್ಧ. ಜ್ವರ, ನಿದ್ದೆಗೇಡು, ಮನೆಯ ಚಿಂತೆ, ತೂಕದ ಏರಿಳಿತ, ಥೈರಾಯ್ಡ್, ಪಿಸಿಒಡಿ, ಎಲ್ಲವೂ ಅಂಡಾಣು ಮಾಗುವುದನ್ನು ಹಿಂದೆಮುಂದೆ ಮಾಡುತ್ತವೆ. ನಿಮ್ಮ ಮುಟ್ಟು 27ಕ್ಕೆ ಆದ ತಿಂಗಳು ಅಂಡಾಣು 13ನೇ ದಿನದ ಆಸುಪಾಸಿಗೆ ಬಂದಿರುತ್ತದೆ, 33ಕ್ಕೆ ಆದ ತಿಂಗಳು 19ರ ಆಸುಪಾಸಿಗೆ. ಈ ತಿಂಗಳು ಇವೆರಡರಲ್ಲಿ ಯಾವುದು ಅನ್ನುವುದು ಮುಟ್ಟಾದ ಮೇಲೆ ಗೊತ್ತಾಗುವ ಸಂಗತಿ. ಕ್ಯಾಲೆಂಡರ್‌ನ ನಿಜವಾದ ತೊಡಕು ಇದು: ಎಲ್ಲಿಂದ ಎಣಿಸಬೇಕೋ ಆ ದಿನ ಇನ್ನೂ ಬಂದೇ ಇರುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಅಂಡಾಣುವಿನ ಆಯಸ್ಸು ಬಹಳ ಕಮ್ಮಿ, 12ರಿಂದ 24 ಗಂಟೆ. ವೀರ್ಯಾಣು ಗಟ್ಟಿಜೀವ. ಒಳಗಿನ ಲೋಳೆ ಅನುಕೂಲವಾಗಿದ್ದರೆ ಐದು ದಿನದವರೆಗೂ ಕಾದು ಕೂರುತ್ತದೆ. ಆದ್ದರಿಂದ ಬಸಿರಾಗುವುದಕ್ಕೆ ಅಂಡಾಣು ಬಂದ ದಿನವೇ ಸೇರಬೇಕೆಂದಿಲ್ಲ. ಹಿಂದಿನ ಐದು ದಿನಗಳಲ್ಲಿ ಯಾವತ್ತು ಸೇರಿದ್ದರೂ ಆಗಬಹುದು. ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗು ಬೇಕೆಂದಿದ್ದ 221 ಹೆಂಗಸರ ದಿನದಿನದ ಮೂತ್ರ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸಿರು ನಿಂತದ್ದೆಲ್ಲ ಈ ಆರು ದಿನಗಳ ಒಳಗೇ. ಅಂಡಾಣುವಿಗೆ ಐದು ದಿನ ಮೊದಲು ಸೇರಿದ್ದರೆ ಸಾಧ್ಯತೆ ನೂರಕ್ಕೆ ಹತ್ತರಷ್ಟು, ಅದೇ ದಿನವಾದರೆ ನೂರಕ್ಕೆ ಮೂವತ್ಮೂರರಷ್ಟು. ಮರುದಿನದಿಂದ ಬಾಗಿಲು ಮುಚ್ಚಿದ ಹಾಗೆ. ಅದೇ ತಂಡ 2000ದಲ್ಲಿ ಇನ್ನೊಂದು ವಿಷಯ ಹೇಳಿತು: ಈ ಆರು ದಿನಗಳು 10ರಿಂದ 17ನೇ ದಿನದ ಒಳಗೇ ಪೂರ್ತಿ ಬೀಳುವುದು ಸುಮಾರು ನೂರಕ್ಕೆ ಮೂವತ್ತು ಹೆಂಗಸರಲ್ಲಿ ಮಾತ್ರ. ಪುಸ್ತಕದಲ್ಲಿ ಓದಿದ 14ನೇ ದಿನಕ್ಕೆ ಮಿಕ್ಕವರ ಮೈ ಒಗ್ಗಿಕೊಳ್ಳುವುದಿಲ್ಲ.

ನಿಮ್ಮ 12ನೇ ದಿನವನ್ನು ಇದರ ಮೇಲೆ ಇಟ್ಟು ನೋಡಿ. ಅಂಡಾಣು 13ಕ್ಕೆ ಬಂದಿದ್ದರೆ ನೀವು ಸೇರಿದ್ದು ಅದರ ಹಿಂದಿನ ದಿನ. ಮೂರರಲ್ಲಿ ಒಂದರ ಹತ್ತಿರದ ಸಾಧ್ಯತೆ. 17ಕ್ಕೆ ಬಂದಿದ್ದರೆ ಹತ್ತರಲ್ಲಿ ಒಂದು. 19ಕ್ಕೆ ಬಂದಿದ್ದರೆ ಏಳು ದಿನದ ಅಂತರ. ಬಸಿರಾಗುವುದು ಹೆಚ್ಚುಕಮ್ಮಿ ಇಲ್ಲ. ಈಗ 33ನೇ ದಿನ ಅನ್ನುವುದು ಎರಡೂ ಕಡೆಗೆ ಹೊಂದುತ್ತದೆ. ಬೇಗ ಅಂಡಾಣು ಬಂದು ಬಸಿರು ನಿಂತಿರಬಹುದು, ಇಲ್ಲವೇ ತಡವಾಗಿ ಬಂದು ಮುಟ್ಟೂ ತಡವಾಗಿರಬಹುದು. ಅದಕ್ಕೇ ಊಹೆ ಬಿಟ್ಟು ಪರೀಕ್ಷೆ ಮಾಡಿ ಅಂದಿದ್ದು.

ಅತ್ತಿಗೆಯವರ ಮಾತಿಗೆ ಬರೋಣ. ಗೌರಿ ಹಬ್ಬ, ಮದುವೆ, ಸತ್ಯನಾರಾಯಣ ಪೂಜೆ ಅಂತ ನಮ್ಮ ಹೆಂಗಸರು ನುಂಗುವ ಮುಂದೂಡುವ ಮಾತ್ರೆ ಸಾಮಾನ್ಯವಾಗಿ ನಾರೆಥಿಸ್ಟೆರೋನ್. ಮುಟ್ಟಿಗೆ ಮೂರು ದಿನ ಮೊದಲು ಶುರು ಮಾಡುತ್ತಾರೆ. ಅಷ್ಟು ಹೊತ್ತಿಗೆ ಆ ತಿಂಗಳ ಅಂಡಾಣು ಬಂದು ಹೋಗಿ ಆಗಿರುತ್ತದೆ. ಮಾತ್ರೆ ಮಾಡುವುದು ಗರ್ಭಕೋಶದ ಒಳಪದರ ಕಳಚದಂತೆ ಹಿಡಿದಿಡುವ ಕೆಲಸ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ. ಅಲ್ಲಿಂದ ಹೊಸ ಸುತ್ತು, ಹೊಸ ಅಂಡಾಣು. ಒಂದು ತಿಂಗಳ ರಕ್ಷಣೆ ಅನ್ನುವುದು ಅದಕ್ಕಿಲ್ಲ. ಅದು ಗರ್ಭನಿರೋಧಕ ಗುಳಿಗೆ ಅಲ್ಲವೇ ಅಲ್ಲ. (ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇರುವವರು ಅದನ್ನು ಮೆಡಿಕಲ್‌ನಿಂದ ನೇರವಾಗಿ ತಂದು ನುಂಗುವುದಂತೂ ಬೇಡ. ದೇವರಿಗೆ ಮುಟ್ಟು ಅಡ್ಡಿಯೇ ಅನ್ನುವ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ.)

ಆ ಮಾತ್ರೆ ನಿಮ್ಮ ಆಪ್ ಅನ್ನು ಮಾತ್ರ ಚೆನ್ನಾಗಿ ದಾರಿ ತಪ್ಪಿಸಿತು. ಮುಂದೂಡಿದ್ದರಿಂದ ಹಿಂದಿನ ಸುತ್ತು ಸುಳ್ಳುಸುಳ್ಳೇ ಉದ್ದವಾಯಿತು. ಆಪ್‌ಗೆ ಹಬ್ಬ ಗೊತ್ತಿಲ್ಲ, ಮಾತ್ರೆ ಗೊತ್ತಿಲ್ಲ. ಅದು ಸರಾಸರಿ ತೆಗೆದು, ಇವರಿಗೆ ಅಂಡಾಣು ತಡ ಅಂದುಕೊಂಡು ಅಪಾಯದ ದಿನಗಳನ್ನು ಮುಂದಕ್ಕೆ ತಳ್ಳಿತು. ಮಿಂದ ದಿನದ ತಾರೀಕು ಕೊಟ್ಟಿದ್ದರಿಂದ ಇನ್ನೂ ಮೂರು ದಿನ ಮುಂದಕ್ಕೆ ಹೋಯಿತು. ಎರಡು ತಪ್ಪೂ ಒಂದೇ ದಿಕ್ಕಿಗೆ ಎಳೆದವು, 29ನೇ ತಾರೀಕು ಹಸಿರಾಯಿತು. ಆಪ್ ಮೇಲೆ ನನಗೆ ಸಿಟ್ಟಿಲ್ಲ. ಮುಟ್ಟಿನ ತಾರೀಕು ಬರೆದಿಡುವುದಕ್ಕೆ ಅದು ಒಳ್ಳೆಯ ಪುಸ್ತಕ, ಗೋಡೆ ಕ್ಯಾಲೆಂಡರಿಗಿಂತ ಗುಟ್ಟಾಗಿರುತ್ತದೆ. ಆದರೆ ಅದು ಹಳೆಯದನ್ನು ನೋಡಿ ಮುಂದಿನದನ್ನು ಊಹಿಸುತ್ತದೆಯೇ ಹೊರತು ನಿಮ್ಮ ಹೊಟ್ಟೆಯೊಳಗೆ ಇಣುಕುವುದಿಲ್ಲ.

ಹಾಗಾದರೆ ದೇಹ ಸೂಚನೆ ಕೊಡುವುದಿಲ್ಲವೇ? ಕೊಡುತ್ತದೆ. ಅಂಡಾಣು ಬರುವ ಮುಂಚಿನ ಕೆಲವು ದಿನ ಯೋನಿಸ್ರಾವ ತಿಳಿಯಾಗಿ, ಜಾರುವ ಹಾಗೆ ಆಗುತ್ತದೆ. ಎರಡು ಬೆರಳ ನಡುವೆ ಎಳೆದರೆ ಎಳೆ ಬರುತ್ತದೆ. ಪುಸ್ತಕಗಳು ಮೊಟ್ಟೆಯ ಬಿಳಿ ಲೋಳೆಯ ಹಾಗೆ ಅನ್ನುತ್ತವೆ. ಮೊಟ್ಟೆ ಮುಟ್ಟದ ಮನೆಯವರಿಗೆ ನಾನು ದಾಸವಾಳ ಸೊಪ್ಪಿನ ಗೊಂಪು ನೆನೆಸಿಕೊಳ್ಳಿ ಅನ್ನುತ್ತೇನೆ, ತಕ್ಷಣ ಅರ್ಥವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಇದನ್ನೇ ‘ಬಿಳಿ ಹೋಗುತ್ತೆ’ ಅಂತ ಕಾಯಿಲೆ ಮಾಡಿಕೊಂಡು ಬರುತ್ತಾರೆ. ತುರಿಕೆ, ನಾತ, ಮೊಸರು ಒಡೆದಂಥ ಗಟ್ಟಿ ಇಲ್ಲದಿದ್ದರೆ ಅದು ಕಾಯಿಲೆಯಲ್ಲ. ಮಗು ಬೇಡದವರು ಅಂಥ ಲೋಳೆ ಕಂಡ ದಿನ ಎಚ್ಚರ ತಪ್ಪಬಾರದು, ಯಾಕೆಂದರೆ ವೀರ್ಯಾಣುವನ್ನು ಐದು ದಿನ ಸಾಕುವುದು ಅದೇ ಲೋಳೆ.

ಬೆಳಗಿನ ಮೈ ಉಷ್ಣತೆ ನೋಡುವ ಕ್ರಮವೂ ಒಂದಿದೆ. ಅಂಡಾಣು ಬಂದ ಮೇಲೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅಂದರೆ ಬಂದು ಹೋದ ಸುದ್ದಿಯನ್ನು ಮಾತ್ರ ಹೇಳುತ್ತದೆ. ಎಲ್‌ಎಚ್ ಕಿಟ್ ಅಂತ ಸಿಗುವುದು ಸುಮಾರು ಒಂದೂವರೆ ದಿನ ಮೊದಲು ಎಚ್ಚರಿಸುತ್ತದೆ. ಮಗು ಬೇಕೆನ್ನುವವರಿಗೆ ಅದು ವರ. ಬೇಡವೆನ್ನುವವರಿಗೆ ತಡವಾಯಿತು, ಮೂರು ದಿನದ ಹಿಂದಿನ ವೀರ್ಯಾಣು ಆಗಲೇ ಒಳಗೆ ಕೂತಿರುತ್ತದೆ.

ಕ್ಯಾಲೆಂಡರನ್ನೇ ನಂಬುತ್ತೇನೆ ಅಂದರೆ ಸರಿಯಾದ ನಿಯಮ ಹೀಗಿದೆ. ಕನಿಷ್ಠ ಆರು ತಿಂಗಳ ಸುತ್ತುಗಳನ್ನು ಬರೆದಿಟ್ಟು, ಅತಿ ಚಿಕ್ಕದರಿಂದ 18, ಅತಿ ದೊಡ್ಡದರಿಂದ 11 ಕಳೆಯಬೇಕು. ನಿಮಗೆ 27ರಲ್ಲಿ 18 ಹೋದರೆ 9, 33ರಲ್ಲಿ 11 ಹೋದರೆ 22. ಅಂದರೆ 9ನೇ ದಿನದಿಂದ 22ನೇ ದಿನದವರೆಗೆ, ಒಟ್ಟು ಹದಿನಾಲ್ಕು ದಿನ, ದೂರವಿರಬೇಕು ಅಥವಾ ನಿರೋಧ್ ಬಳಸಬೇಕು. ನಿಮ್ಮ ಯಜಮಾನರು ಬರುವುದು ಎರಡು ವಾರಕ್ಕೊಮ್ಮೆ. ಹದಿನಾಲ್ಕು ದಿನಕ್ಕೊಮ್ಮೆ ಬರುವವರ ಒಂದಲ್ಲ ಒಂದು ಭೇಟಿ ಈ ಹದಿನಾಲ್ಕು ದಿನಗಳೊಳಗೆ ಬಿದ್ದೇ ಬೀಳುತ್ತದೆ, ಪ್ರತಿ ತಿಂಗಳೂ! ಎರಡು ವಾರ ಬಿಟ್ಟು ರಾತ್ರಿ ರೈಲಿಗೆ ಬಂದವರನ್ನು ಕ್ಯಾಲೆಂಡರ್ ತೋರಿಸಿ ಆಚೆ ಮಲಗಿಸುವುದು ಎಷ್ಟು ದಿನ ನಡೆಯುತ್ತದೆ, ನೀವೇ ಹೇಳಿ.

8ರಿಂದ 19ನೇ ದಿನ ಬಿಡುವ ಸುಲಭದ ಕ್ರಮವೂ ಇದೆ. ಅದು ಮುಟ್ಟು 26ರಿಂದ 32 ದಿನಗಳ ಒಳಗೇ ಆಗುವವರಿಗೆ. ಚಾಚೂ ತಪ್ಪದೆ ನಡೆದವರಲ್ಲೂ ವರ್ಷಕ್ಕೆ ನೂರರಲ್ಲಿ ಐದು ಜನ, ಸಾಮಾನ್ಯವಾಗಿ ಪಾಲಿಸುವವರಲ್ಲಿ ಹನ್ನೆರಡು ಜನ ಬಸಿರಾಗುತ್ತಾರೆ. 33ಕ್ಕೆ ಹೋಗುವ ನಿಮಗೆ ಅದು ಹೊಂದುವುದಿಲ್ಲ.

ಪರೀಕ್ಷೆಯಲ್ಲಿ ಒಂದೇ ಗೆರೆ ಬಂದರೆ ಈ ತಿಂಗಳು ಅಂಡಾಣು ತಡವಾಗಿದೆ ಅಂತ ಅರ್ಥ, ಮುಟ್ಟು ಇಷ್ಟರಲ್ಲೇ ಆಗುತ್ತದೆ. ಇನ್ನೊಂದು ವಾರ ಕಾದೂ ಆಗದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿ ವೈದ್ಯರಿಗೆ ತೋರಿಸಿ.

ಎರಡು ಗೆರೆ ಬಂದರೆ ಗಾಬರಿ ಬೇಡ, ತಡವೂ ಬೇಡ. ಬಸಿರಿನ ವಾರವನ್ನು ಸೇರಿದ ದಿನದಿಂದಲ್ಲ, ಕಳೆದ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ಲೆಕ್ಕಕ್ಕೆ ಇವತ್ತಿಗೆ ನಾಲ್ಕು ವಾರ ನಾಲ್ಕು ದಿನ. ಇಟ್ಟುಕೊಳ್ಳುವುದು, ಬಿಡುವುದು ನಿಮ್ಮ ನಿರ್ಧಾರ. ಬೇಡವೆಂದರೆ 1971ರ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿಯಲ್ಲಿ ದಾರಿಯಿದೆ. ಗರ್ಭ ತಡೆಯಲು ಬಳಸಿದ ಸಾಧನವಾಗಲಿ ವಿಧಾನವಾಗಲಿ ಕೈಕೊಟ್ಟದ್ದು ಅದರಲ್ಲಿ ಒಪ್ಪಿದ ಕಾರಣ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ದಾಟಿದ ಹೆಣ್ಣಿಗೆ ಅವಳದೇ ಸಹಿ ಸಾಕು, ಗಂಡನದು ಅತ್ತೆಯದು ಕಾನೂನು ಕೇಳುವುದಿಲ್ಲ. ನಿಮ್ಮ ಹೆಸರನ್ನು ಗುಟ್ಟಾಗಿಡುವುದೂ ವೈದ್ಯರ ಮೇಲಿನ ಕಾನೂನಿನ ಹೊಣೆ. ಒಂಬತ್ತು ವಾರದವರೆಗೆ ಮಾತ್ರೆಯಿಂದಲೇ ಆಗುತ್ತದೆ. ಆದರೆ ಆ ಮಾತ್ರೆಯನ್ನು ಯಾರ ಕೈಯಲ್ಲೋ ತರಿಸಿ ಮನೆಯಲ್ಲಿ ನುಂಗಬೇಡಿ. ಬಸಿರು ಗರ್ಭಕೋಶದಲ್ಲಿದೆಯೋ ಅಂಡಾಣು ಇಳಿದು ಬರುವ ನಾಳದಲ್ಲಿದೆಯೋ ನೋಡಬೇಕು, ರಕ್ತಹೀನತೆ ನೋಡಬೇಕು. ನಾಳದಲ್ಲಿದ್ದರೆ ಆ ಮಾತ್ರೆ ಏನೂ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಕಿಬ್ಬೊಟ್ಟೆಯ ಒಂದೇ ಕಡೆ ಜೋರು ನೋವು, ತಲೆಸುತ್ತು, ನಡುನಡುವೆ ರಕ್ತ ಕಂಡರೆ, ಮಳೆಯಿರಲಿ ರಾತ್ರಿಯಿರಲಿ, ಗಾಡಿ ಮಾಡಿಸಿಕೊಂಡು ಶಿವಮೊಗ್ಗದ ಮೆಗ್ಗಾನ್‌ಗೋ ಸ್ಕ್ಯಾನಿಂಗ್ ಇರುವ ಹತ್ತಿರದ ಆಸ್ಪತ್ರೆಗೋ ಹೊರಡಿ.

ನೀವು ಕೇಳದಿದ್ದರೂ ತುರ್ತು ಮಾತ್ರೆಯ ವಿಷಯ ಹೇಳಬೇಕು, ಈ ಸಲಕ್ಕೆ ಅದರ ಕಾಲ ಮೀರಿದೆ. 72 ಗಂಟೆಯೊಳಗೆ ನುಂಗುವ ಆ ಮಾತ್ರೆ ಬಸಿರನ್ನು ಕೀಳುವುದಿಲ್ಲ, ಅಂಡಾಣು ಬರುವುದನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೇ. ಅಂಡಾಣು ಆಗಲೇ ಹೊರಟಿದ್ದರೆ ಅದರ ಕೈಯಲ್ಲಿ ಏನೂ ಇಲ್ಲ. ಆದ್ದರಿಂದ ಮೂರನೇ ದಿನ ಅಂತ ಕಾಯದೆ ಅದೇ ದಿನ ನುಂಗಿದಷ್ಟು ಒಳ್ಳೆಯದು. ನುಂಗಿದ ಮೇಲೆ ಕಾಣುವ ರಕ್ತವನ್ನು ಮುಟ್ಟು ಅಂದುಕೊಂಡು ಲೆಕ್ಕ ಶುರು ಮಾಡಿದರೆ ಮತ್ತೆ ಇದೇ ಕಥೆ. ಅದಕ್ಕಿಂತ ಗಟ್ಟಿಯಾದದ್ದು ಐದು ದಿನದೊಳಗೆ ಹಾಕಿಸುವ ಕಾಪರ್ ಟಿ.

ನಿಮಗೆ ನಾನು ಹೇಳುವುದೂ ಕಾಪರ್ ಟಿಯನ್ನೇ. ಮಗು ಸದ್ಯಕ್ಕೆ ಬೇಡ, ಆಮೇಲೆ ಬೇಕಾಗಬಹುದು. ಗಂಡ ಯಾವಾಗ ಬರುತ್ತಾರೋ ಹೇಳುವ ಹಾಗಿಲ್ಲ. ಇಂಥವರಿಗೆ ನೆನಪಿಡಬೇಕಾದ ಕೆಲಸವೇ ಇಲ್ಲದ ಸಾಧನ ಬೇಕು. 380ಎ ಅನ್ನುವುದು ಹತ್ತು ವರ್ಷ ಬರುತ್ತದೆ, ಬೇಕೆಂದಾಗ ತೆಗೆಸಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಕೈಕೊಡುವುದಿಲ್ಲ. ಅಡಿಕೆಗೆ ಕೊಳೆ ಬಾರದಿರಲಿ ಅಂತ ಮೈಲುತುತ್ತು ಹೊಡೆಸುತ್ತೀರಲ್ಲ, ಅದರೊಳಗಿನ ತಾಮ್ರವೇ ಇಲ್ಲಿ ವೀರ್ಯಾಣುವನ್ನು ಕೆಡಿಸುತ್ತದೆ. ಮೇಲಕ್ಕೆ ಹೋಗಿ ಎದೆಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅಂತೆಕಂತೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ನೋವು ಜಾಸ್ತಿ ಅನ್ನುವುದು ಮಾತ್ರ ನಿಜ. ಮೊದಲೇ ರಕ್ತ ಕಡಿಮೆ ಇದ್ದರೆ ಅದನ್ನು ಸರಿಮಾಡಿಕೊಂಡು ಹಾಕಿಸಬೇಕು, ಇಲ್ಲವೇ ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗುವ ‘ಛಾಯಾ’ ಗುಳಿಗೆ ಇವೆ. ನಿರೋಧ್ ಮನೆಯಲ್ಲಿರಲಿ, ಆದರೆ ಪ್ರತಿ ಸಲವೂ ಬಳಸಿದರೆ ಮಾತ್ರ ಅದು ಕೆಲಸಕ್ಕೆ ಬರುವುದು.

ಪರೀಕ್ಷೆಯಲ್ಲಿ ಒಂದು ಗೆರೆ ಬಂದು ಮುಟ್ಟೂ ಆದರೆ, ಮುಟ್ಟಿನ ದಿನಗಳಲ್ಲೇ ಆಸ್ಪತ್ರೆಗೆ ಹೋಗಿ. ಕಾಪರ್ ಟಿ ಹಾಕುವುದು ಆಗ ಸಲೀಸು. ಮಿಂದು ಬರುತ್ತೇನೆ ಅಂತ ಕಾಯಬೇಡಿ, ನಮಗೆ ಆಸ್ಪತ್ರೆಯಲ್ಲಿ ಮಡಿ ಇಲ್ಲ. ದೀಪಾವಳಿಗೆ ಯಜಮಾನರಿಗೆ ರಜೆ ಸಿಕ್ಕೇ ಸಿಗುತ್ತದೆ. ಅಷ್ಟರೊಳಗೆ ಹಾಕಿಸಲು ಆಗದಿದ್ದರೆ ಬರುವಾಗ ಬೆಂಗಳೂರಿನಿಂದಲೇ ನಿರೋಧ್ ತರಲು ಹೇಳಿ, ಅಲ್ಲಿಯ ಮೆಡಿಕಲ್‌ನವರು ನಿಮ್ಮ ಗುರುತಿನವರಲ್ಲ.